ಮುಪ್ಪಿನ ಮದ್ದೂ ಮಾಸ್ತರರ ಮಾತೂ

ಬಹುಕಾಲ ಬದುಕಬೇಕೆಂದು ಎಲ್ಲರೂ ಬಯಸುತ್ತಾರೆ. ಮುದುಕರಾಗಬೇಕೆಂದು ಮಾತ್ರ ಯಾರೂ ಬಯಸುವುದಿಲ್ಲ. ಎರಡು ಆಶೆಗಳೂ ಏಕಕಾಲದಲ್ಲಿ ಕೈಗೂಡತಕ್ಕವಲ್ಲವೆಂಬುದು ಶಾಲೆಯ ಹುಡುಗನಿಗೂ ತಿಳಿಯುವ ಲೆಕ್ಕ. ಆದರೂ ಯಯಾತಿಯ ಕಾಲದಿಂದ ಇಂದಿನವರೆಗೆ ಮನುಷ್ಯನು ಈ ಲೆಕ್ಕವನ್ನು ತಪ್ಪುತ್ತಲೇ ಬಂದಿದ್ದಾನೆ. ನಾನೂ ಒಮ್ಮೆ ತಪ್ಪಿದೆನು. ತಪ್ಪಿದವನು ಲೆಕ್ಕ ಕಲಿಸುವ ಮಾಸ್ತರನಾಗಿದ್ದುದರಿಂದ ಆ ತಪ್ಪು ನನ್ನೊಬ್ಬನಲ್ಲಿಯೇ ನಿಲ್ಲಲಿಲ್ಲ. ಅದನ್ನು ಇಲ್ಲಿ ಹೇಳಿಕೊಳ್ಳಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ.

ನಾನು ಕಾರ್ಕಳದ ಪ್ರೌಢಶಾಲೆಯೊಂದರಲ್ಲಿ ೩೪ ವರ್ಷ ವಿಜ್ಞಾನವನ್ನೂ ಗಣಿತವನ್ನೂ ಕಲಿಸಿ ನಿವೃತ್ತನಾದವನು. ನಿವೃತ್ತನಾದ ಆರನೆಯ ವರ್ಷದ ಮಳೆಗಾಲದಲ್ಲಿ ನನ್ನ ಮೊಣಕಾಲುಗಳು ನನ್ನೊಡನೆ ವ್ಯಾಜ್ಯ ಹೂಡಿದುವು. ಜಗಲಿಯಿಂದ ಅಂಗಳಕ್ಕಿಳಿಯಬೇಕಾದರೆ ಗೋಡೆಯನ್ನು ಹಿಡಿಯಬೇಕು. ಅಂಗಳದಿಂದ ಜಗಲಿಗೇರಬೇಕಾದರೆ ದೇವರನ್ನು ನೆನೆಯಬೇಕು. ಆಟಿ ಅಮಾವಾಸ್ಯೆಯ ಸಂಜೆ, ಮುಂಜಾನೆ ಕುಡಿದ ಹಾಲೆ ಕೆತ್ತೆಯ ಕಷಾಯದ ಕಹಿ ಇನ್ನೂ ನಾಲಗೆಯ ಮೇಲಿದ್ದಂತೆಯೇ, ನನ್ನ ಹಳೆಯ ಶಿಷ್ಯನೊಬ್ಬನು ಕೊಡೆಯನ್ನು ಮಡಚಿಕೊಂಡು ಜಗಲಿಯನ್ನೇರಿದನು.

"ಗುರ್ತ ಸಿಕ್ಕಿತಾ ಮಾಷ್ಟ್ರೇ?" ಎಂದು ಕಾಲು ಮುಟ್ಟಿದನು.

ಗುರುತು ಸಿಕ್ಕಿತು. ಹಿಂದಿನ ಬೆಂಚಿನಲ್ಲಿ ಕುಳಿತು ನಗುತ್ತಿದ್ದ ಹುಡುಗ. ಗಲ್ಫಿನಲ್ಲಿ ಹತ್ತು ವರ್ಷ ದುಡಿದು, ಕೆಲಸ ತಪ್ಪಿ ಊರಿಗೆ ಮರಳಿದ್ದನು. ಕುಶಲಪ್ರಶ್ನೆಗಳು ಮುಗಿದ ಬಳಿಕ ಅವನು ಚೀಲದಿಂದ ಒಂದು ಸೀಸೆಯನ್ನೂ ಒಂದು ಹೊಳಪು ಕಾಗದದ ಪುಸ್ತಿಕೆಯನ್ನೂ ತೆಗೆದಿಟ್ಟನು. ಸೀಸೆಯಲ್ಲಿದ್ದುದು ಮುಪ್ಪನ್ನು ಹಿಮ್ಮೆಟ್ಟಿಸುವ ಕ್ಯಾಪ್ಸೂಲುಗಳಂತೆ. ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ ಎಂಬ ದ್ರವ್ಯವೂ ಕೆಲವು ವಿಟಮಿನ್ನುಗಳೂ ಅದರಲ್ಲಿ ಕೂಡಿದ್ದುವು. ಬೆಲೆ ತಿಂಗಳಿಗೆ ೩,೦೦೦ ರೂಪಾಯಿ. ಪುಸ್ತಿಕೆಯ ತುಂಬ ನಾನೇ ಕರಿಹಲಗೆಯ ಮೇಲೆ ಬರೆಯುತ್ತಿದ್ದಂತಹ ಜೀವಕೋಶದ ಚಿತ್ರಗಳು. "ನೀವು ಕಲಿಸಿದ ವಿಜ್ಞಾನವೇ ಇದು ಮಾಷ್ಟ್ರೇ. ಮೊದಲನೆಯ ಸೀಸೆಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ" ಎಂದನು. ಮುದುಕನಾದ ಮಾಸ್ತರನಿಗೆ ಇದಕ್ಕಿಂತ ಸಿಹಿಯಾದ ಮಾತು ಬೇರೊಂದಿಲ್ಲ. ದಿನಕ್ಕೊಂದರಂತೆ ನುಂಗತೊಡಗಿದೆನು.

ಮೂರು ತಿಂಗಳಾಗುವಷ್ಟರಲ್ಲಿ ಮೊಣಕಾಲಿನ ನೋವು ಅರ್ಧಕ್ಕಿಳಿಯಿತು. ಶಿಷ್ಯನ ಸಲಹೆಯಂತೆ ಬೆಳಿಗ್ಗೆ ನಡೆಯಲು ಹೋಗುತ್ತಿದ್ದೆನು. ನವರಾತ್ರಿ ಕಳೆದ ಮೇಲೊಂದು ದಿನ ಗೊಮ್ಮಟನ ಬೆಟ್ಟದ ಮೆಟ್ಟಿಲುಗಳನ್ನು ಎಲ್ಲಿಯೂ ಕುಳಿತುಕೊಳ್ಳದೆ ಏರಿದೆನು. ೧೪೩೨ ರಿಂದ ಮಳೆಬಿಸಿಲುಗಳಿಗೆ ಮೈಯೊಡ್ಡಿ ನಿಂತಿರುವ ಆ ೪೨ ಅಡಿಯ ಮೂರ್ತಿಯ ಮುಂದೆ ನಿಂತು, ನನಗೂ ಸ್ವಲ್ಪ ಕಲ್ಲಿನ ಗುಣ ಬಂದಿತೆಂದು ಒಳಗೊಳಗೇ ಹಿಗ್ಗಿದೆನು. ನೆರೆಹೊರೆಯವರು, "ಮಾಷ್ಟ್ರು ಹತ್ತು ವರ್ಷ ಸಣ್ಣವರಾಗಿದ್ದಾರೆ" ಎಂದರು. ನಾನು ಅಲ್ಲವೆನ್ನಲಿಲ್ಲ.

ಕಾರ್ತಿಕದಲ್ಲಿ ಉಡುಪಿಯ ಹೋಟೆಲೊಂದರ ಸಭಾಂಗಣದಲ್ಲಿ ಸಭೆ ಸೇರಿತು. ಶಿಷ್ಯನು ನನ್ನನ್ನು ಕರೆದೊಯ್ದು, "ನಮ್ಮ ವಿಜ್ಞಾನದ ಗುರುಗಳು" ಎಂದು ವೇದಿಕೆಯ ಮೇಲೆ ಕುಳ್ಳಿರಿಸಿದನು. ನಾನು ಹತ್ತು ನಿಮಿಷ ಮಾತನಾಡಿದೆನು. ನನ್ನ ಕಾಲುನೋವಿನ ಕತೆಯನ್ನೂ ಕ್ಯಾಪ್ಸೂಲಿನ ಕತೆಯನ್ನೂ ಬೆಟ್ಟವನ್ನೇರಿದ ಕತೆಯನ್ನೂ ಹೇಳಿದೆನು. ಅದರಲ್ಲಿ ಸುಳ್ಳೆಂಬುದು ಒಂದು ಅಕ್ಷರವೂ ಇರಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಆ ಸಂಜೆಯೇ ೧೧ ಮಂದಿ ಹೆಸರು ಬರೆಯಿಸಿದರು. ನನಗೆ ಒಂದು ಶಾಲನ್ನು ಹೊದಿಸಿ ಮೂರು ಸೀಸೆಗಳನ್ನು ಕೊಟ್ಟರು. ನನ್ನ ಮಾತನ್ನು ಯಾರೋ ಮೊಬೈಲಿನಲ್ಲಿ ತುಂಬಿಕೊಂಡರು. ಅದು ಮನೆಯಿಂದ ಮನೆಗೆ ಹರಿಯಿತು.

ಹರಿಯುತ್ತ ಹರಿಯುತ್ತ ಅದು ಕಾಪುವಿಗೂ ಹೋಯಿತು. ಅಲ್ಲಿ ನನ್ನ ಅಕ್ಕನಿದ್ದಾಳೆ. ಅವಳಿಗೆ ಆಗ ೭೪ ವರ್ಷ. ರಕ್ತದೊತ್ತಡಕ್ಕೆಂದು ಹನ್ನೆರಡು ವರ್ಷಗಳಿಂದ ದಿನವೂ ಒಂದು ಗುಳಿಗೆಯನ್ನು ನುಂಗುತ್ತಿದ್ದಳು. ಅದರ ಬೆಲೆ ಎರಡು ರೂಪಾಯಿ. ತಮ್ಮನ ಭಾಷಣವನ್ನು ಮೂರು ಸಲ ಕೇಳಿ, ಮಗನಿಗೆ ಹೇಳಿ ಆ ಸೀಸೆಯನ್ನು ತರಿಸಿಕೊಂಡಳು. ಎರಡೆರಡು ಮದ್ದು ಯಾಕೆಂದು ಗುಳಿಗೆಯನ್ನು ಬಿಟ್ಟಳು. ಅವಳ ತರ್ಕವನ್ನು ಅವಳೇ ಆಮೇಲೆ ನನಗೆ ತಿಳಿಸಿದಳು: "ದಿನಕ್ಕೆ ಎರಡು ರೂಪಾಯಿಯ ಮದ್ದಿಗಿಂತ ನೂರು ರೂಪಾಯಿಯದು ಮೇಲಲ್ಲವೋ ತಮ್ಮಾ?"

ಮಾರ್ಗಶಿರದ ಒಂದು ಮುಂಜಾನೆ ಅವಳು ಬಾವಿಕಟ್ಟೆಯ ಬಳಿ ಕುಸಿದಳು. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಏಳುತ್ತಿರಲಿಲ್ಲ. ಮಣಿಪಾಲಕ್ಕೆ ಕೊಂಡೊಯ್ದರು. ನಾನು ಅಲ್ಲಿಗೆ ಮುಟ್ಟುವಾಗ ವೈದ್ಯರು, ಯಾವ ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದೀರೆಂದು ಕೇಳುತ್ತಿದ್ದರು. ಅಳಿಯನು ಚೀಲದಿಂದ ಆ ಸೀಸೆಯನ್ನು ತೆಗೆದು ತೋರಿಸಿದನು. ವೈದ್ಯರು ಅದನ್ನು ತಿರುಗಿಸಿ ನೋಡಿ, "ಇದನ್ನು ನಿಮಗೆ ಕೊಡಲು ಹೇಳಿದವರು ಯಾರು?" ಎಂದರು. ಅಕ್ಕನು ತೊದಲುತ್ತ, ಆದರೂ ಹೆಮ್ಮೆಯಿಂದ, ಎಡಗೈಯಿಂದ ನನ್ನನ್ನು ತೋರಿಸಿ, "ನನ್ನ ತಮ್ಮ. ವಿಜ್ಞಾನದ ಮಾಷ್ಟ್ರು" ಎಂದಳು.

ವೈದ್ಯರು ಏನೂ ಅನ್ನಲಿಲ್ಲ. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಗುಳಿಗೆಯನ್ನು ಬಿಟ್ಟುದರಿಂದಲೇ ಅಕ್ಕನಿಗೆ ಹೀಗಾಯಿತೆಂದು ಖಂಡಿತವಾಗಿ ಹೇಳಲಾರೆನು. ಒಬ್ಬಳ ಉದಾಹರಣೆಯಿಂದ ಅದು ಸಿದ್ಧವಾಗುವುದಿಲ್ಲ. ನಾನು ಹೀಗೆ ವಾದಿಸಿ ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಅದೇ ವಾದವು ನನ್ನ ಮೊಣಕಾಲಿಗೂ ಸಲ್ಲುತ್ತದೆಯಷ್ಟೆ? ಒಬ್ಬನ ಕಾಲು ಗುಣವಾದುದನ್ನು ನಾನು ವೇದಿಕೆಯ ಮೇಲೆ ಪ್ರಮಾಣವೆಂದು ಸಾರಿದವನು. ಮಣಿಪಾಲದ ಆ ಉದ್ದವಾದ ಓಣಿಯಲ್ಲಿ ಕುಳಿತಾಗ ನನಗೆ ನೆನಪಾದುದು ಹುರುಳಿಯ ಎರಡು ಕುಂಡಗಳು. ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಮಕ್ಕಳಿಗೆ ಆ ಪ್ರಯೋಗವನ್ನು ಮಾಡಿ ತೋರಿಸುತ್ತಿದ್ದೆನು: ಒಂದು ಕುಂಡವನ್ನು ಬೆಳಕಿನಲ್ಲಿಡು, ಇನ್ನೊಂದನ್ನು ಕತ್ತಲಿನಲ್ಲಿಡು, ಉಳಿದುದೆಲ್ಲವೂ ಎರಡಕ್ಕೂ ಸಮಾನವಾಗಿರಲಿ. ಎರಡನೆಯ ಕುಂಡವಿಲ್ಲದಿದ್ದರೆ ಮೊದಲನೆಯದರಿಂದ ಏನೂ ತಿಳಿಯುವುದಿಲ್ಲವೆಂದು ೩೪ ವರ್ಷ ಹೇಳಿದವನು ನಾನು. ನನ್ನ ಮೊಣಕಾಲಿಗೆ ಎರಡನೆಯ ಕುಂಡವೆಲ್ಲಿತ್ತು? ಆ ಮೂರು ತಿಂಗಳಲ್ಲಿ ಮಳೆ ನಿಂತಿತ್ತು, ನಡೆಯಲು ತೊಡಗಿದ್ದೆನು, ದೇಹದ ಭಾರ ಇಳಿದಿತ್ತು, ವಾರಕ್ಕೊಮ್ಮೆ ಹಳೆಯ ಶಿಷ್ಯನು ಬಂದು ಪ್ರೀತಿಯಿಂದ ವಿಚಾರಿಸುತ್ತಿದ್ದನು. ಇವುಗಳಲ್ಲಿ ಯಾವುದರ ಗುಣವನ್ನು ನಾನು ಸೀಸೆಯ ಲೆಕ್ಕಕ್ಕೆ ಬರೆದೆನೋ ದೇವರೇ ಬಲ್ಲ.

ಮೊದಲೇ ಓದಬೇಕಾಗಿದ್ದುದನ್ನು ಆಮೇಲೆ ಓದಿದೆನು. ಪ್ರಾಮಾಣಿಕನಾದವನೂ ಹೀಗೆ ಮೋಸಹೋಗಬಹುದೆಂಬುದಕ್ಕೆ ನನಗಿಂತ ಎಷ್ಟೋ ದೊಡ್ಡವರ ಸಾಕ್ಷಿ ಸಿಕ್ಕಿತು. ಮಾರಿಷಸ್ಸಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಹೆಸರಾಂತ ಪ್ರಾಧ್ಯಾಪಕನಾಗಿದ್ದ ಬ್ರೌನ್-ಸೆಕಾರನು ೧೮೮೯ ರಲ್ಲಿ, ತನ್ನ ೭೨ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿ ಇಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಯೌವನದ ಶಕ್ತಿ ಮರಳಿತೆಂದು ವಿದ್ವಾಂಸರ ಸಭೆಯಲ್ಲಿ ಹೇಳಿದನು. ಅವನು ಸುಳ್ಳುಗಾರನಲ್ಲ, ನರಮಂಡಲದ ವಿಷಯದಲ್ಲಿ ಅವನ ಶೋಧನೆಗಳು ಇಂದಿಗೂ ಮಾನ್ಯವಾಗಿವೆ. ಆದರೆ ಅವನ ರಸವನ್ನು ನೀರಿನಲ್ಲಿ ತೆಗೆದುದರಿಂದ, ಗುಣವನ್ನುಂಟುಮಾಡುವಷ್ಟು ದ್ರವ್ಯವು ಅದರಲ್ಲಿ ಇರಲೇ ಇಲ್ಲವೆಂದು ಈಚಿನವರು ತೋರಿಸಿದ್ದಾರೆ. ಅವನ ಮಾತನ್ನು ಹಿಡಿದುಕೊಂಡು ಊರೂರುಗಳಲ್ಲಿ ಯೌವನದ ವ್ಯಾಪಾರ ಎದ್ದಿತು. ಅವನು ಐದು ವರ್ಷಗಳಲ್ಲಿ, ೧೮೯೪ ರಲ್ಲಿ, ಎಲ್ಲರಂತೆಯೇ ತೀರಿಕೊಂಡನು.

ನನ್ನ ಸೀಸೆಯ ರೆಸ್ವೆರಾಟ್ರಾಲಿನ ಕತೆಯೂ ಅದರ ತಮ್ಮನಂತೆಯೇ ಇದೆ. ೨೦೦೩ ರಲ್ಲಿ ಅದು ಯೀಸ್ಟಿನ ಆಯುಸ್ಸನ್ನು ಹೆಚ್ಚಿಸಿತೆಂದು ಪ್ರಕಟವಾಯಿತು. ೨೦೦೬ ರಲ್ಲಿ ಕೊಬ್ಬಿನ ಆಹಾರ ತಿಂದು ಬೊಜ್ಜು ಬೆಳೆಸಿದ ಇಲಿಗಳಿಗೆ ಅದರಿಂದ ಒಳಿತಾಯಿತೆಂದು ಪ್ರಕಟವಾಯಿತು. ನನ್ನ ಕೈಯಲ್ಲಿದ್ದ ಪುಸ್ತಿಕೆ ಇಲ್ಲಿಗೆ ಮುಗಿದಿತ್ತು. ಕತೆ ಮಾತ್ರ ಮುಗಿದಿರಲಿಲ್ಲ. ಆ ಬಗೆಯ ಔಷಧಗಳಿಗಾಗಿ ದೊಡ್ಡ ಕಂಪೆನಿಯೊಂದು ೨೦೦೮ ರಲ್ಲಿ ೭೨ ಕೋಟಿ ಡಾಲರು ಕೊಟ್ಟು ಒಂದು ಸಂಸ್ಥೆಯನ್ನೇ ಕೊಂಡುಕೊಂಡಿತು. ಐದು ವರ್ಷಗಳಲ್ಲಿ ಅದರ ಬಾಗಿಲನ್ನು ಮುಚ್ಚಿತು. ಅಮೆರಿಕದ ಸರಕಾರದ ಹಣದಿಂದ ಮೂರು ಬೇರೆ ಬೇರೆ ಊರುಗಳ ಪ್ರಯೋಗಶಾಲೆಗಳು ಸಾಮಾನ್ಯವಾದ ಇಲಿಗಳ ಮೇಲೆ ಏಕಕಾಲದಲ್ಲಿ ನಡೆಸಿದ ಪರೀಕ್ಷೆಯ ಫಲವು ೨೦೧೧ ರಲ್ಲಿ ಹೊರಬಂದಿತು: ರೆಸ್ವೆರಾಟ್ರಾಲ್ ಆಯುಸ್ಸನ್ನು ಹೆಚ್ಚಿಸಲಿಲ್ಲ. ರ‍್ಯಾಪಮೈಸಿನ್ ಎಂಬ ಬೇರೊಂದು ಮದ್ದು ಹೆಚ್ಚಿಸಿತು. ಆದರೆ ಅದು ಮೂತ್ರಪಿಂಡವನ್ನು ಕಸಿಮಾಡಿಸಿಕೊಂಡವರಿಗೆ ವೈದ್ಯರು ಎಚ್ಚರದಿಂದ ಕೊಡುವ, ದೇಹದ ರೋಗನಿರೋಧವನ್ನು ಕುಗ್ಗಿಸುವ ಔಷಧ. ಅದರಿಂದ ಮನುಷ್ಯನ ಆಯುಸ್ಸು ಹೆಚ್ಚುವುದೆಂದು ಯಾರೂ ಸಿದ್ಧಪಡಿಸಿಲ್ಲ. ಯೀಸ್ಟಿನಿಂದ ಇಲಿಗೆ ಒಂದು ಹೊಳೆ. ಇಲಿಯಿಂದ ಮನುಷ್ಯನಿಗೆ ಇನ್ನೊಂದು ಹೊಳೆ. ಸಂಕ ಹಾಕದೆಯೇ ದಾಟಿದೆವೆನ್ನುವವರ ಮಾತನ್ನು ನಾನು ನಂಬಿದೆನು.

"ಗುಣವಾಗದಿದ್ದರೆ ಬೇಡ, ಕೆಡುಕಂತೂ ಇಲ್ಲವಷ್ಟೆ?" ಎಂದು ಕೇಳುವವರುಂಟು. ಅದಕ್ಕೂ ಉತ್ತರವುಂಟು. ಫಿನ್ಲೆಂಡಿನಲ್ಲಿ ಬೀಡಿಸಿಗರೇಟು ಸೇದುವ ೨೯,೧೩೩ ಗಂಡಸರನ್ನು ಪರೀಕ್ಷೆಗೆ ಸೇರಿಸಿಕೊಂಡು, ಕೆಲವರಿಗೆ ಗಜ್ಜರಿಯ ಬಣ್ಣಕ್ಕೆ ಮೂಲವಾದ ಬೀಟಾ ಕ್ಯಾರೊಟಿನನ್ನು ಗುಳಿಗೆಯಾಗಿ ಕೊಟ್ಟರು. ಅದು ಕ್ಯಾನ್ಸರನ್ನು ತಡೆಯುವುದೆಂದೇ ಎಲ್ಲರ ನಿರೀಕ್ಷೆ. ೧೯೯೪ ರಲ್ಲಿ ಫಲ ಪ್ರಕಟವಾದಾಗ, ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇಕಡಾ ೧೮ ರಷ್ಟು ಹೆಚ್ಚಾಗಿತ್ತು. ಗಜ್ಜರಿಯಲ್ಲಿ ದೋಷವಿಲ್ಲ, ಪರೀಕ್ಷಿಸದ ಊಹೆಯಲ್ಲಿ ದೋಷ. ನಮ್ಮ ಅಕ್ಕನ ವಿಷಯದಲ್ಲಾದರೋ ಸೀಸೆಯೊಳಗೆ ವಿಷವೇನೂ ಇರಬೇಕಾಗಿರಲಿಲ್ಲ. ಬೇಕಾದ ಮದ್ದಿನ ಜಾಗದಲ್ಲಿ ಅದು ಕುಳಿತುದೇ ಸಾಕಾಯಿತು.

ಅಕ್ಕನು ಮನೆಗೆ ಮರಳಿದ ಬಳಿಕ ನಾನು ವಾರಕ್ಕೆರಡು ಸಲ ಬೆಳ್ಮಣ್ಣು, ಪಡುಬಿದ್ರಿಗಳ ಮಾರ್ಗವಾಗಿ ಬಸ್ಸಿನಲ್ಲಿ ಕಾಪುವಿಗೆ ಹೋಗುತ್ತಿದ್ದೆನು. ಆ ದಾರಿಯಲ್ಲಿ ನಂದಳಿಕೆ ಸಮೀಪಿಸಿದಾಗಲೆಲ್ಲ ಮುದ್ದಣನ ನೆನಪು. ಉಡುಪಿಯಲ್ಲಿ ವ್ಯಾಯಾಮವನ್ನು ಕಲಿಸುತ್ತಿದ್ದ, ಮೈಯನ್ನು ಗಟ್ಟಿಮಾಡುವುದೇ ವೃತ್ತಿಯಾಗಿದ್ದ ಆ ಕವಿ ೧೯೦೧ ರಲ್ಲಿ ಕ್ಷಯದಿಂದ ತೀರಿದಾಗ ಅವನಿಗೆ ೩೧ ವರ್ಷ. ಮುಪ್ಪೆಂಬುದು ಅವನಿಗೆ ಸಿಕ್ಕದ ಐಶ್ವರ್ಯ. ಅವನ ರೋಗಕ್ಕೆ ಮದ್ದು ಸಿಕ್ಕಿದುದು ೧೯೪೩ ರಲ್ಲಿ. ಆ ಸ್ಟ್ರೆಪ್ಟೊಮೈಸಿನನ್ನು ಇಂಗ್ಲೆಂಡಿನವರು ಎರಡು ಕುಂಡಗಳ ನ್ಯಾಯದಂತೆ, ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಪಂಗಡ ಮಾಡಿ ಪರೀಕ್ಷಿಸಿ, ೧೯೪೮ ರಲ್ಲಿ ಫಲವನ್ನು ಪ್ರಕಟಿಸಿದರು. ಆರು ತಿಂಗಳಲ್ಲಿ ಮದ್ದು ದೊರೆತ ೫೫ ಮಂದಿಯಲ್ಲಿ ೪ ಮಂದಿಯೂ, ದೊರೆಯದ ೫೨ ಮಂದಿಯಲ್ಲಿ ೧೪ ಮಂದಿಯೂ ಮಡಿದಿದ್ದರು. ಇದು ಪ್ರಮಾಣ. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು ಸುಮಾರು ೩೨ ವರ್ಷ. ಇಂದು ಸುಮಾರು ೭೦. ನಡುವಣ ವರ್ಷಗಳನ್ನು ನಮಗೆ ಗಳಿಸಿಕೊಟ್ಟವು ಶುದ್ಧವಾದ ನೀರು, ದೇವಿಯ ಚುಚ್ಚು, ಸೂಲಗಿತ್ತಿಯ ತೊಳೆದ ಕೈ, ಹೀಗೆ ಪರೀಕ್ಷೆಯಲ್ಲಿ ಗೆದ್ದ ಮದ್ದುಗಳು. ಯೌವನದ ಸೀಸೆಗಳು ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಇದನ್ನು ತಡೆಯಲು ಕಾನೂನಿಲ್ಲವೇ ಎಂದು ವಕೀಲ ಮಿತ್ರರೊಬ್ಬರನ್ನು ಕೇಳಿದೆನು. ಇದೆ. ೧೯೪೫ ರ ಔಷಧ ನಿಯಮಗಳ ಒಂದು ಅನುಸೂಚಿಯಲ್ಲಿ, ಔಷಧವು ಗುಣಪಡಿಸುವುದಾಗಿ ಹೇಳಿಕೊಳ್ಳಬಾರದ ವಿಷಯಗಳ ಪಟ್ಟಿಯಿದೆ. ಯೌವನವನ್ನು ಮರಳಿಸುವುದೂ ಅಕಾಲದ ಮುಪ್ಪೂ ಅಕಾಲದ ನರೆಯೂ ಅದರಲ್ಲಿವೆ. ಆದುದರಿಂದಲೇ ನನ್ನ ಸೀಸೆಯು ಔಷಧವೆಂಬ ಹೆಸರನ್ನು ಬಿಟ್ಟು ಆಹಾರವೆಂಬ ಹೆಸರಿನಿಂದ ಬಂದಿತ್ತು. ೨೦೦೬ ರ ಆಹಾರ ಸುರಕ್ಷತೆಯ ಕಾಯಿದೆಯ ಕೆಳಗಣ ನಿಯಮದಂತೆ, 'ಔಷಧೋಪಯೋಗಕ್ಕಲ್ಲ' ಎಂಬ ಮಾತು ಅದರ ಬೆನ್ನಿನ ಮೇಲೆ ಅಚ್ಚಾಗಿಯೂ ಇತ್ತು. ಮಣಿಪಾಲದ ವೈದ್ಯರು ತಿರುಗಿಸಿ ಓದಿದುದು ಅದನ್ನೇ. ನಾನು ನಾಲ್ಕು ಸೀಸೆ ನುಂಗಿದರೂ ಓದಿರಲಿಲ್ಲ. ಸೀಸೆಯು ಹೇಳಬಾರದುದನ್ನು ನನ್ನ ಬಾಯಿ ಹೇಳಿತು. ೧೯೫೪ ರ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆಯಾದರೋ ಬಾಯಿಮಾತಿನ ಘೋಷಣೆಯನ್ನೂ ಜಾಹೀರಾತೆಂದೇ ಕರೆಯುತ್ತದೆಯಂತೆ. ನಾನು ಅನುಭವವೆಂದು ತಿಳಿದುದು ಜಾಹೀರಾತಾಗಿತ್ತು; ಸನ್ಮಾನವೆಂದು ತಿಳಿದ ಶಾಲು ಅದರ ಕೂಲಿಯಾಗಿತ್ತು.

ನಮ್ಮ ಪ್ರಾಚೀನರೂ ರಸಾಯನವನ್ನು ಹೇಳಲಿಲ್ಲವೇ ಎಂದು ಶಿಷ್ಯನು ಒಮ್ಮೆ ವಾದಿಸಿದ್ದನು. ಹೇಳಿದ್ದಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ರಸಾಯನದಿಂದಲೇ ಪ್ರಾರಂಭವಾಗುತ್ತದೆ. ಚ್ಯವನನ ಲೇಹ್ಯವೂ ಅಲ್ಲಿದೆ. ಆದರೆ ಅದೇ ಅಧ್ಯಾಯದಲ್ಲಿ ಸೇವಿಸದೆಯೇ ಫಲಕೊಡುವ ಆಚಾರರಸಾಯನವೆಂಬುದೊಂದಿದೆ. ಅದರ ಗುಣಗಳನ್ನು ಎಣಿಸುವಾಗ ಮುನಿಯು ಮೊದಲು ಹೇಳಿದುದು ಸತ್ಯವಾದಿತ್ವ. ಮದ್ದನ್ನು ಮಾರುವವನಿಗೆ ಇದಕ್ಕಿಂತ ತಕ್ಕ ರಸಾಯನ ಬೇರೊಂದಿಲ್ಲ. ಆಟಿಯ ಕಷಾಯಕ್ಕೂ ಪರೀಕ್ಷೆಯ ಪ್ರಮಾಣವನ್ನು ನಾನು ತೋರಿಸಲಾರೆನು. ಆದರೆ ಅದನ್ನು ಕೊಡುವ ಹಿರಿಯರು ತಾವೂ ಕುಡಿಯುತ್ತಾರೆ, ಹಣ ಕೇಳುವುದಿಲ್ಲ, ಬೇರೆ ಮದ್ದನ್ನು ಬಿಡೆನ್ನುವುದಿಲ್ಲ.

ಶಿಷ್ಯನ ಮೇಲೆ ನನಗೆ ಕೋಪವಿಲ್ಲ. ಅವನೂ ನಂಬಿದ್ದನು, ಸಾಲಮಾಡಿ ಐವತ್ತು ಸೀಸೆಗಳನ್ನು ಕೊಂಡಿದ್ದನು. ತನ್ನ ಕೆಳಗೆ ಇಬ್ಬರನ್ನು ಸೇರಿಸಬೇಕು, ಆ ಇಬ್ಬರು ಮತ್ತಿಬ್ಬಿಬ್ಬರನ್ನು ಸೇರಿಸಬೇಕು ಎಂಬ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದನು. ನಾನು ಅವನನ್ನು ಕರೆದು ಎಲ್ಲವನ್ನೂ ಹೇಳಿದಾಗ, "ಹಾಗಾದರೆ ನನ್ನ ಹೊಟ್ಟೆಗೇನು ಮಾಷ್ಟ್ರೇ?" ಎಂದನು. ಆ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಆದರೆ ಮನೆಮನೆಗೆ ಹೋಗಿ ಹೊಟ್ಟೆ ಹೊರೆಯುವುದು ನಮ್ಮ ಸೀಮೆಗೆ ಹೊಸದಲ್ಲ. ೧೯೨೫ ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು ೧೯೨೮ ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿದಾಗ, ಅದರ ಏಜೆಂಟರು ದಿನಕ್ಕೆ ಎರಡಾಣೆಯಂತೆ ಇದೇ ಜಗಲಿಗಳಿಂದ ಎತ್ತುತ್ತಿದ್ದರು. ಕೊಟ್ಟುದು ಪುಸ್ತಕದಲ್ಲಿ ಕಾಣುತ್ತಿತ್ತು, ಬೇಡಿದಾಗ ಮರಳುತ್ತಿತ್ತು. ಜಗಲಿಯಲ್ಲಿ ಮಣೆಹಾಕಿ ಕುಳ್ಳಿರಿಸುವ ವಿಶ್ವಾಸವನ್ನು ಗಳಿಸಿದವರು ಅವರು. ಅದನ್ನು ಖರ್ಚುಮಾಡಿದವರು ನಾವು.

ಆಮೇಲೆ ನಾನು ಮಾಡಿದುದು ಸಣ್ಣ ಕೆಲಸ. ಆ ೧೧ ಮನೆಗಳಿಗೂ ಹೋದೆನು. "ಅಂದು ನಾನು ಹೇಳಿದುದು ಸುಳ್ಳಲ್ಲ, ಆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ವೈದ್ಯರು ಕೊಟ್ಟ ಮದ್ದನ್ನು ಯಾರಾದರೂ ಬಿಟ್ಟಿದ್ದರೆ ಇಂದೇ ಅವರಲ್ಲಿಗೆ ಹೋಗಿ" ಎಂದೆನು. ಇಬ್ಬರು ಬಿಟ್ಟಿದ್ದರು. ಮೂವರು ಹಣವನ್ನು ಕೇಳಿದರು; ನನ್ನ ಪಿಂಚಣಿಯಿಂದ ಕೊಟ್ಟೆನು. ನಾಲ್ವರು, "ನಮಗೆ ಗುಣ ಉಂಟು ಮಾಷ್ಟ್ರೇ" ಎಂದು ನಕ್ಕರು. ಅವರ ಮುಂದೆ ನಾನು ಮಾತಿಲ್ಲದವನಾದೆನು. ಅದು ನನ್ನದೇ ಭಾಷಣವಷ್ಟೆ. ಪ್ರಾಮಾಣಿಕವಾಗಿ ನಂಬಿದರೆ ಸಾಕು, ಪಾಪವಿಲ್ಲವೆಂದು ನಾನು ಮೊದಲು ತಿಳಿದಿದ್ದೆನು. ತನ್ನ ಮೈಗೆ ಮದ್ದು ನುಂಗುವವನಿಗೆ ನಂಬಿಕೆ ಸಾಕಾದೀತು. ಇನ್ನೊಬ್ಬರಿಗೆ ಹೇಳುವವನಿಗೆ, ಅದರಲ್ಲಿಯೂ ತನ್ನ ಮಾತಿಗೆ ಬೆಲೆಯಿದೆಯೆಂದು ಬಲ್ಲವನಿಗೆ, ತಿಳಿಯುವ ಹೊಣೆಯೂ ಇದೆ. ಯಯಾತಿಯ ಯೌವನಕ್ಕೆ ಪುರುವು ಬೆಲೆ ತೆತ್ತನು. ಅವನು ತಿಳಿದು ತೆತ್ತನು. ನನ್ನ ಹತ್ತು ನಿಮಿಷದ ಯೌವನಕ್ಕೆ ಬೆಲೆ ತೆತ್ತ ಅಕ್ಕನಿಗೆ ಅದು ತಿಳಿದಿರಲಿಲ್ಲ.

ಈಗ ಅವಳ ಮಾತು ನೆಟ್ಟಗಾಗಿದೆ. ಬಲಗೈ ಮಾತ್ರ ಪೂರ್ತಿ ಮರಳಲಿಲ್ಲ. ಸೀಸೆಯನ್ನು ಅವಳು ಎಸೆಯಲಿಲ್ಲ, ತೊಳೆದು ಸಾಸಿವೆ ತುಂಬಿಸಿದ್ದಾಳೆ. ಕಳೆದ ತಿಂಗಳು ಅವಳ ಜಗಲಿಯಲ್ಲಿ ಕುಳಿತಿದ್ದೆವು. ಕತ್ತಲಾಗಿ ದೀಪಸ್ತಂಭದ ಬೆಳಕು ಸುತ್ತತೊಡಗಿತ್ತು. ಗುಳಿಗೆಯನ್ನು ಎಡಗೈಯಲ್ಲಿ ಬಾಯಿಗಿಟ್ಟು ನೀರು ಕುಡಿದು, "ಇದಕ್ಕೂ ಯಾರಾದರೂ ನಿನ್ನ ಹಾಗೆ ಸಭೆಯಲ್ಲಿ ಮಾತಾಡಿದ್ದುಂಟೋ ತಮ್ಮಾ?" ಎಂದು ಕೇಳಿದಳು.

ಇಲ್ಲ. ರಕ್ತದೊತ್ತಡವನ್ನು ಇಳಿಸುವ ಅಗ್ಗದ ಗುಳಿಗೆಗಳನ್ನು ೬೦ ವರ್ಷ ದಾಟಿದ ೪,೭೩೬ ಮಂದಿಯ ಮೇಲೆ ಅಮೆರಿಕದಲ್ಲಿ ಪರೀಕ್ಷಿಸಿ, ೧೯೯೧ ರಲ್ಲಿ ಫಲವನ್ನು ಪ್ರಕಟಿಸಿದರು: ಬರಿಯ ಹುಸಿಗುಳಿಗೆ ನುಂಗಿದವರಿಗಿಂತ ಮದ್ದು ನುಂಗಿದವರಲ್ಲಿ ಪಾರ್ಶ್ವವಾಯು ಶೇಕಡಾ ೩೬ ರಷ್ಟು ಕಡಿಮೆ. ಮುದುಕರನ್ನು ಕಾಯುವ ಮದ್ದೆಂದರೆ ಇದು. ಇದಕ್ಕೆ ಹೊಳಪು ಕಾಗದದ ಪುಸ್ತಿಕೆಯಿಲ್ಲ, ಸಭಾಂಗಣವಿಲ್ಲ. ಯಾರೂ ಮಾಡದ ಆ ಭಾಷಣವನ್ನು ನಾನು ಇಲ್ಲಿ ಮಾಡಿದ್ದೇನೆ. ಶಾಲು ಬೇಡ.